ಹೆಸರು ಹಾಕಿಸಿದ ಭಾಂಡೆಗಳು

ಕಳೆದ ವಾರ ಪಕ್ಕದ ಮನೆಯವರಿಗೆ ಹೊಸ ವಾಷಿಂಗ್ ಮಶೀನು ಬಂತು. ಅದರ ರಟ್ಟಿನ ಡಬ್ಬಿಯನ್ನು ನಮ್ಮಿಬ್ಬರ ಬಾಗಿಲ ನಡುವೆ ಇಟ್ಟು ಅವರು ಕೆಲಸಕ್ಕೆ ಹೋಗಿದ್ದರು. ಐರ್ಲೆಂಡಿನ ಈ ಸಣ್ಣ ಊರಿನಲ್ಲಿ ಮಳೆ ಹೇಳಿ ಕೇಳಿ ಬರುವುದಲ್ಲ. ನೆನೆದು ಮೆತ್ತಗಾದೀತೆಂದು ಡಬ್ಬಿಯನ್ನು ಒಳಕ್ಕೆ ಎಳೆಯಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಹೊಸ ರಟ್ಟು, ಅಂಟು, ಕಂದು ಬಣ್ಣದ ಅಗಲ ಟೇಪು, ಇವು ಮೂರೂ ಸೇರಿದ ವಾಸನೆ. ಮೊದಲ ಮಳೆಯ ಮಣ್ಣಿನ ವಾಸನೆಗೆ ಊರು ನೆನಪಾಯಿತು ಎನ್ನುವವರು ಪುಣ್ಯವಂತರು. ನನಗೆ ಊರು ನೆನಪಾಗುವುದು ರಟ್ಟಿನ ಡಬ್ಬಿಗೆ ಮೂಗು ಹಚ್ಚಿದಾಗ. ಅದರಲ್ಲೂ ಜೇವರ್ಗಿಯಲ್ಲಿ ನಾವು ಕಳೆದ ಕೊನೆಯ ಹಿಂಗಾರು.

ಆಗ ನಾನು ಅಲ್ಲಿನ ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ನನ್ನ ಗಂಡ ಗೌತಮ ಆಳಂದ ಕಡೆಯವರು, ಐಟಿಐಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುತ್ತಿದ್ದರು. ಮಗಳು ಸಮತಾ ಮೂರನೇ ಇಯತ್ತೆ. ವಿಜಯಪುರ ರಸ್ತೆಯಿಂದ ಎರಡು ಓಣಿ ಒಳಗೆ ನಮ್ಮ ಬಾಡಿಗೆ ಮನೆ. ದೊಡ್ಡ ಲಾರಿ ಹೋದರೆ ಗೋಡೆಯ ಮೇಲಿನ ಬುದ್ಧನ ಪಟ ಸಣ್ಣಗೆ ಅಲುಗುತ್ತಿತ್ತು, ಅಡುಗೆಮನೆಯ ಭಾಂಡೆಗಳು ಕಿಣಿಕಿಣಿ ಅನ್ನುತ್ತಿದ್ದವು. ಶ್ರಾವಣದಲ್ಲಿ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ ಗಟ್ಟಿಯಾಯಿತು. ದೀಪಾವಳಿ ಮುಗಿಯುತ್ತಿದ್ದಂತೆ ಹೊರಡಬೇಕು. ಡ್ಯೂಟಿಯ ನಡುವೆ ಕದ್ದು ಓದಿ, ಇಂಗ್ಲಿಷ್ ಪರೀಕ್ಷೆಯಲ್ಲಿ ಒಮ್ಮೆ ಬಿದ್ದು ಎದ್ದು ಪಡೆದ ಕೆಲಸ ಅದು. ಸುದ್ದಿ ಬಂದ ದಿನ ಓಣಿಗೆಲ್ಲ ಪೇಢಾ ಹಂಚಿದೆ. ಮರುದಿನ ಬೆಳಿಗ್ಗೆ ಎದ್ದು ಮನೆಯೊಳಗೆ ಕಣ್ಣಾಡಿಸಿದಾಗ ತಲೆನೋವು ಶುರುವಾಯಿತು. ಇಷ್ಟು ಸಾಮಾನು ಏನು ಮಾಡುವುದು?

ಹೈದರಾಬಾದಿನಿಂದ ಒಬ್ಬ ಏಜೆಂಟ್ ಬಂದು ನೋಡಿ ಹೋದ. ಮನೆಯ ಸಾಮಾನನ್ನು ಹಡಗಿನಲ್ಲಿ ಕಳಿಸಬಹುದು, ನಾಲ್ಕಾರು ಮನೆಯವರ ಸಾಮಾನು ಒಂದೇ ಕಂಟೇನರಿನಲ್ಲಿ ಹೋಗುತ್ತದೆ, ಎಷ್ಟು ಜಾಗ ಹಿಡಿಯುತ್ತದೋ ಅಷ್ಟಕ್ಕೆ ಬಾಡಿಗೆ ಎಂದ. ಈಗಿನಿಂದಲೇ ತುಂಬತೊಡಗಿ ಎಂದು ಮಡಚಿದ ಡಬ್ಬಿಗಳ ಒಂದು ಕಟ್ಟನ್ನು ಪಡಸಾಲೆಯಲ್ಲಿ ಇಳಿಸಿ ಹೋದ. ಮಳೆಗಾಲದ ತಂಪಿಗೆ ಆ ಡಬ್ಬಿಗಳ ವಾಸನೆ ಮನೆಯ ಮೂಲೆ ಮೂಲೆಗೂ ಸೇರಿಕೊಂಡಿತು. ರೊಟ್ಟಿ ತಟ್ಟುವಾಗಲೂ ರಟ್ಟಿನದೇ ವಾಸನೆ.

ಮೂವರದೂ ಮೂರು ದಾರಿ. ಸಮತಾಳಿಗೆ ಗೋಡೆ ಗಡಿಯಾರದಿಂದ ಕಾಲೊರೆಸುವ ಗೋಣಿಯವರೆಗೆ ಎಲ್ಲವೂ ಬರಬೇಕು. ಇವರಿಗೆ ಯಾವುದೂ ಬೇಡ, ತಮ್ಮ ಅಪ್ಪ ಕೊಡಿಸಿದ, ಪಾನಾ ಸುತ್ತಿಗೆ ತುಂಬಿದ ಹತಾರದ ಪೆಟ್ಟಿಗೆಯೊಂದು ಬಿಟ್ಟು. ನಾನು ಬೆಳಿಗ್ಗೆ ಒಂದು ಹೇಳಿ ಸಂಜೆ ಒಂದು ಹೇಳುವವಳು. ಡ್ಯೂಟಿಯಲ್ಲಿ ದಿನಾ ನೋಡುತ್ತಿದ್ದೆನಲ್ಲ, ಹಳ್ಳಿಗಳಿಂದ ಹೆರಿಗೆಗೆ ಬರುವ ಹೆಂಗಸರು ಒಂದು ಕೈಚೀಲದಲ್ಲಿ ಹಳೇ ಸೀರೆ, ಒಂದು ಲೋಟ, ಒಂದು ಚಮಚ ಹಾಕಿಕೊಂಡು ಬರುತ್ತಿದ್ದರು. ಜೀವನದ ಅಷ್ಟು ದೊಡ್ಡ ಕೆಲಸ ಅಷ್ಟರಲ್ಲೇ ಮುಗಿಸಿ ಕೂಸನ್ನೆತ್ತಿಕೊಂಡು ಹೋಗುತ್ತಿದ್ದರು. ಅವರನ್ನು ನೋಡಿದಾಗ ನನಗೂ ಏನೂ ಬೇಡ ಅನ್ನಿಸುತ್ತಿತ್ತು. ಮನೆಗೆ ಬಂದು ಕೊಣಮಿಗೆಯಲ್ಲಿ ಹಿಟ್ಟು ನಾದುತ್ತ ಕೂತರೆ, ಇದನ್ನು ಬಿಟ್ಟು ಹೇಗೆ ಹೋಗಲಿ ಎಂದು ಕಣ್ಣು ತುಂಬುತ್ತಿತ್ತು.

ನೋಡಲು ಬರುವವರ ಕಾಟ ಬೇರೆ. ಹೊರಟವರ ಮನೆಗೆ ಜನ ಶುಭ ಹೇಳಲು ಬರುತ್ತಾರೆ, ಮಾತಿನ ನಡುವೆ ಫ್ರಿಜ್ಜಿನ ಬಾಗಿಲು ತೆಗೆದು ನೋಡುತ್ತಾರೆ. ಪಕ್ಕದ ಮನೆಯ ಫಾತಿಮಾಬೀ ಮಾತ್ರ ಏನನ್ನೂ ಕೇಳಲಿಲ್ಲ. "ಹೆಂಚು ತಗೊಂಡು ಹೋಗ್ರಿ ಬಾಯಿ. ಉಳದದ್ದು ಹ್ಯಾಂಗರ ನಡೀತದ. ಹೆಂಚಿಲ್ಲಂದ್ರ ರೊಟ್ಟಿ ಇಲ್ಲ, ರೊಟ್ಟಿ ಇಲ್ಲಂದ್ರ ನಿಮ್ಮ ಸಾಹೇಬ್ರು ವಾಪಸ್ ಓಡಿ ಬರ್ತಾರ ನೋಡ್ರಿ" ಎಂದು ನಕ್ಕಳು.

ಮಂಚ, ಅಲ್ಮಾರಿ, ಕುರ್ಚಿಗಳದು ಹೇಗೋ ಇತ್ಯರ್ಥವಾಯಿತು. ಎಲ್ಲ ಬಂದು ನಿಂತದ್ದು ಭಾಂಡೆಗಳ ಹತ್ತಿರ. ನಮ್ಮ ಕಡೆ ಮದುವೆಗೆ ಬಂದವರು ಆಯೇರಿ ಮಾಡುತ್ತಾರೆ, ಅಂದರೆ ಉಡುಗೊರೆ. ಹೆಚ್ಚಾಗಿ ಸ್ಟೀಲು, ಹಿತ್ತಾಳೆ, ತಾಮ್ರದ ಭಾಂಡೆ. ಅಂಗಡಿಯಲ್ಲೇ ಅದರ ಕಂಠದ ಮೇಲೆ ಕೊಟ್ಟವರ ಹೆಸರು ಕೊರೆಸಿ ತರುತ್ತಾರೆ. ನಮ್ಮ ಮದುವೆ ಆಳಂದದಲ್ಲಿ ಬುದ್ಧನ ಮುಂದೆ ಸರಳವಾಗಿ ಆಯಿತು. ನನ್ನ ಮಾವ ಆಯೇರಿ ಕೊಡುವ, ತೆಗೆದುಕೊಳ್ಳುವ ಪದ್ಧತಿಯನ್ನೇ ಬಿಟ್ಟವರು. ಆಯೇರಿ ತರಬಾರದು ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ನನ್ನ ತವರಿನ ಮಂದಿ ಅದನ್ನು ಓದಿ, ತಲೆಯಾಡಿಸಿ, ಮೂರು ಗಾಲಿಯ ಟಂಟಂ ಗಾಡಿಯೊಂದರ ತುಂಬ ಭಾಂಡೆ ಹೇರಿಕೊಂಡು ಬಂದರು.

ಹಾಗಾಗಿ ನನ್ನ ಅಡುಗೆಮನೆಯಲ್ಲಿ ನಾನು ಒಂಟಿಯಾಗಿ ಇದ್ದದ್ದೇ ಇಲ್ಲ. ಚಹಾ ಕುದಿಯುವುದು ನೆಲೋಗಿಯ ಕಾಕಾನ ಪಾತೇಲಿಯಲ್ಲಿ. ಬೇಳೆ ಬೇಯುವುದು ಸುಂದರಬಾಯಿ ಅತ್ತೆಯ ಡಬರಿಯಲ್ಲಿ. ನನ್ನ ಸೋದರತ್ತೆ ಆಕೆ, ಅಪ್ಪನ ತಂಗಿ, ನೆಲೋಗಿಯವಳೇ. ತೀರಿಹೋದವರ ಗಂಗಾಳದಲ್ಲೂ ನಾವು ಊಟ ಮಾಡುತ್ತಿದ್ದೆವು. ಎಲ್ಲಕ್ಕೂ ದೊಡ್ಡದು ತಾಮ್ರದ ಹಂಡೆ, ನೀರು ಕಾಯಿಸುವುದು. ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ಭಾಗ್ಯಶ್ರೀಗೆ ಅಕ್ಕ ಕಸ್ತೂರಿ.

ಅಕ್ಕನ ಬಗ್ಗೆ ಇಲ್ಲಿ ಹೇಳಲೇಬೇಕು. ಅವ್ವ ತೀರಿದಾಗ ನನಗೆ ತಲೆ ಬಾಚಿಕೊಳ್ಳಲೂ ಬರುತ್ತಿರಲಿಲ್ಲ. ನನ್ನನ್ನು ಸಾಕಿದವಳು ಅಕ್ಕ. ಅಪ್ಪನೂ ಹೆಚ್ಚು ಕಾಲ ಉಳಿಯಲಿಲ್ಲ. ಅಫಜಲಪುರಕ್ಕೆ ಮದುವೆಯಾಗಿ ಹೋಗುವಾಗ ಅಕ್ಕ ಒಂದೇ ಷರತ್ತು ಹಾಕಿದಳಂತೆ, ತಂಗಿಯೂ ಜೊತೆಗೆ ಬರುತ್ತಾಳೆ ಎಂದು. ಮದುಮಗಳ ಸೆರಗು ಹಿಡಿದು ನಾನೂ ಆ ಮನೆ ಹೊಕ್ಕೆ. ಮಂದಿಯ ಹೊಲದಲ್ಲಿ ಕೂಲಿ ಮಾಡಿ, ಕಬ್ಬು ಕಡಿಯುವ ಗುಂಪಿನ ಜೊತೆ ಹೋಗಿ ನನ್ನನ್ನು ನರ್ಸಿಂಗ್ ಓದಿಸಿದಳು. ನನಗೆ ತವರು ಅಂದರೆ ಅಕ್ಕನ ಮನೆ, ಬೇರೆ ಯಾವುದೂ ಇಲ್ಲ.

ಏಜೆಂಟ್ ಎರಡನೇ ಸಲ ಬಂದಾಗ ಭಾಂಡೆಗಳನ್ನು ನೋಡಿ, ಇವೇ ಅರ್ಧ ಜಾಗ ತಿನ್ನುತ್ತವೆ, ಇಲ್ಲೇ ಮಾರಿಬಿಡಿ ಎಂದ. ಹಳೇ ಸಾಮಾನು ಕೊಳ್ಳುವವನೂ ತಕ್ಕಡಿ ಹಿಡಿದು ಬಂದ. ಮಂದಿಯ ಹೆಸರಿದ್ದ ಭಾಂಡೆಯನ್ನು ತೂಕಕ್ಕೆ ಹಾಕಲು ಇವರ ಮನಸ್ಸೂ ಒಪ್ಪಲಿಲ್ಲ, ಅವನನ್ನು ವಾಪಸ್ ಕಳಿಸಿದರು. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಇವರು ಫಿಟ್ಟರ್ ಮಾಸ್ತರು. ಪ್ರತಿ ನಟ್ಟಿಗೂ ಅದರದೇ ಬೋಲ್ಟು ಇರುತ್ತದೆ, ಹುಡುಕಿ ಸೇರಿಸಿದರೆ ಕೆಲಸ ಮುಗಿಯಿತು ಎಂದು ನಂಬಿದ ಜೀವ. ನಾನು ಮನೆಗೂ ಬರಲಾಗದೆ ಹೆರಿಗೆ ವಾರ್ಡಿನಲ್ಲೇ ಇದ್ದ ಎರಡು ದಿನಗಳಲ್ಲಿ ಒಂದು ಟಂಟಂ ಮಾಡಿಕೊಂಡು, ಕಂಠದ ಮೇಲಿನ ಹೆಸರು ಓದಿ ಓದಿ, ಯಾರ ಭಾಂಡೆಯನ್ನು ಅವರವರ ಮನೆಗೇ ಮುಟ್ಟಿಸಿ ಬಂದರು.

ಡ್ಯೂಟಿ ಮುಗಿಸಿ ಬಂದು ನೋಡುತ್ತೇನೆ, ಅಡುಗೆಮನೆಯ ಮಾಡ ಬರಿದು. ಇವರು ಹೊಸ ಮದುಮಗನ ಹಾಗೆ ನಗುತ್ತ ನಿಂತಿದ್ದರು.

"ಭಾಂಡಿ ಎಲ್ರಿ?"

"ಎಲ್ಲಾ ಮುಟ್ಟಿಸಿ ಬಂದೀನಿ. ಯಾರದು ಅವರಿಗಿ. ಮಾರೂದಕ್ಕಿಂತ ಇದ ಮರ್ಯಾದಿ ಅಲ್ಲೇನು?"

"ಅಕ್ಕನ ಹಂಡಿ?"

"ಅದನ್ನೂ ಕೊಟ್ಟೆ. ನಿಮ್ಮಕ್ಕ ಹೊಲಕ್ಕ ಹೋಗಿದ್ರು. ಬಾಗಿಲ ಮುಂದ ಇಟ್ಟು, ಬಾಜೂ ಮನ್ಯಾಗ ಹೇಳಿ ಬಂದೆ."

ನಮ್ಮಲ್ಲಿ ಆಯೇರಿ ಕೊಟ್ಟವರ ಮನೆಗೆ ತಿರುಗಿ ಹೋಗುವುದು ಎರಡೇ ಸಂದರ್ಭಗಳಲ್ಲಿ. ಮದುವೆ ಮುರಿದರೆ ಹೋಗುತ್ತದೆ, ಇಲ್ಲವೇ ಎರಡು ಮನೆಯವರು ಇನ್ನು ಮುಖ ನೋಡುವುದಿಲ್ಲ ಎಂದು ಸಂಬಂಧ ಕಡಿದುಕೊಂಡರೆ ಹೋಗುತ್ತದೆ. ಆಯೇರಿಯೇ ಇಲ್ಲದ ಮನೆಯಲ್ಲಿ ಬೆಳೆದ ಇವರಿಗೆ ಅದು ಹೇಗೆ ಗೊತ್ತಾಗಬೇಕು? ನಾನು ಹೇಳಿದಾಗ ಇವರ ಮುಖ ನೋಡಬೇಕಿತ್ತು. ಬೈಯಲೆಂದು ಬಾಯಿ ತೆರೆದವಳು ಪಾಪ ಅನ್ನಿಸಿ ಮುಚ್ಚಿಕೊಂಡೆ.

ಮರುದಿನ ಮೊದಲ ಬಸ್ಸಿಗೇ ಸುಂದರಬಾಯಿ ಅತ್ತೆ ನೆಲೋಗಿಯಿಂದ ಬಂದಿಳಿದಳು. ಡಬರಿಯನ್ನು ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಒಳಗೆ ಬಂದವಳೇ ಬಾಗಿಲು ಹಾಕಿ, ನನ್ನ ಗಲ್ಲ ಹಿಡಿದು ಅಳಲು ಶುರು ಮಾಡಿದಳು.

"ಖರೇ ಹೇಳವಾ ಭಾಗೂ. ಸೋಡಚೀಟಿ ಆಗ್ಯಾದೇನು?"

ಸೋಡಚೀಟಿ ಎಂದರೆ ಗಂಡ ಹೆಂಡತಿ ಬೇರೆಯಾದೆವೆಂದು ಬರೆದುಕೊಡುವ ಕಾಗದ. ಅಷ್ಟು ಹೊತ್ತಿಗೆ ಸ್ನಾನ ಮುಗಿಸಿ ಟವೆಲ್ಲಿನಲ್ಲಿ ತಲೆ ಒರೆಸುತ್ತ ಇವರು ಹೊರಗೆ ಬಂದರು. ಅತ್ತೆ ಕಣ್ಣೊರೆಸಿಕೊಂಡು ಅವರ ಮೇಲೆ ತಿರುಗಿದಳು.

"ಏನ್ರಿ ಅಳಿಯಂದಿರೇ, ನಮ್ಮ ಹುಡುಗಿ ಏನ್ ತಪ್ಪು ಮಾಡ್ಯಾಳ? ಬಿಡೂದಿದ್ರ ನಾಕು ಮಂದಿ ಹಿರ್‍ಯಾರ ಮುಂದ ಕುಂತು ಬಿಡ್ರಿ. ಟಂಟಂನ್ಯಾಗ ಭಾಂಡಿ ಕಳಸೂದಂದ್ರ ಏನು?"

"ಅಯ್ಯ ಅತ್ತಿ, ಬಿಟ್ಟಿಲ್ರಿ, ಯಾರೂ ಯಾರನ್ನೂ ಬಿಟ್ಟಿಲ್ರಿ. ನಾ ಒಳ್ಳೇದಂತ ಮಾಡೀನ್ರಿ."

"ಒಳ್ಳೇದಂತ ಯಾರರ ಆಯೇರಿ ತಿರುಗಿ ಕೊಡ್ತಾರೇನ್ರಿ? ಓಣಿ ಮಂದಿ ನೋಡಿ ಏನಂದಾರು? ನಿನ್ನೆಯಿಂದ ನಾ ಬಾಗಿಲ ತೆರದಿಲ್ಲ."

ಸತ್ಯ ತಿಳಿದ ಮೇಲೆ ಅತ್ತೆ ನಕ್ಕದ್ದಕ್ಕೆ ಲೆಕ್ಕವಿಲ್ಲ. ಮಧ್ಯಾಹ್ನದವರೆಗೆ ಇದ್ದು, ತನ್ನ ಡಬರಿಯಲ್ಲೇ ಬೇಳೆ ಬೇಯಿಸಿ, ಉಂಡು, ಬಸ್ಸು ಹತ್ತುವಾಗ ಇವರಿಗೆ ಅಪ್ಪಣೆ ಮಾಡಿದಳು. ಹೋದ ಮನೆಗಳಿಗೆಲ್ಲ ಮತ್ತೆ ಹೋಗಬೇಕು, ಕೈ ಮುಗಿದು ಭಾಂಡೆ ಮರಳಿ ತರಬೇಕು ಎಂದು. ಇವರು ಹೋದರು. ಹೋದಲ್ಲೆಲ್ಲ ಮೊದಲು ಬೈಗುಳ, ಆಮೇಲೆ ಊಟ. ಒಂದೇ ದಿನ ನಾಲ್ಕು ಮನೆಯಲ್ಲಿ ಉಂಡು ಬಂದು ಸೋಡಾ ಕುಡಿದು ಮಲಗಿದ್ದೂ ಉಂಟು. ಇನ್ನೊಂದು ಪಜೀತಿ ಏನೆಂದರೆ, ಖಾಲಿ ಭಾಂಡೆಯನ್ನು ಯಾರೂ ಯಾರ ಕೈಗೂ ಕೊಡುವುದಿಲ್ಲ. ಕಾಕಾನ ಪಾತೇಲಿ ತೊಗರಿಬೇಳೆ ತುಂಬಿಕೊಂಡು ಬಂತು. ಒಂದು ಕೊಡದಲ್ಲಿ ಜೋಳ, ಒಂದು ಡಬ್ಬಿಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಒಂದರಲ್ಲಿ ಬೆಲ್ಲ. ಸಾಮಾನು ಕಡಿಮೆ ಮಾಡಲು ಹೊರಟ ಮನುಷ್ಯ ಮನೆಯನ್ನು ಕಿರಾಣಿ ಅಂಗಡಿ ಮಾಡಿಟ್ಟಿದ್ದ.

ನಾನು ನಕ್ಕೆ ನಿಜ. ಆದರೆ ಅಕ್ಕನ ಮನೆಗೆ ಹೋಗಲು ಮಾತ್ರ ಇವರಿಗೆ ಧೈರ್ಯ ಬಂದಿರಲಿಲ್ಲ. ಬೈಯುವವರೆಲ್ಲ ಬೈದಿದ್ದರು, ಅಕ್ಕ ಮಾತ್ರ ಒಂದು ಮಾತೂ ಆಡಿರಲಿಲ್ಲ. ಫೋನ್ ಹಚ್ಚಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಅಕ್ಕ ಕೂಗಾಡಿದರೆ ನನಗೆ ಎಂದೂ ಹೆದರಿಕೆ ಇಲ್ಲ, ಕೂಗಾಡಿ ಐದು ನಿಮಿಷಕ್ಕೆ ಚಹಾ ತಂದು ಕೊಡುವವಳು. ಅಕ್ಕ ಸುಮ್ಮನಾದದ್ದನ್ನು ನಾನು ಅದಕ್ಕೂ ಮುಂಚೆ ಒಮ್ಮೆ ಮಾತ್ರ ನೋಡಿದ್ದೆ, ಅವ್ವ ತೀರಿದ ದಿನ.

ಎದ್ದು ಅಕ್ಕನ ಊರಿಗೆ ಹೋಗೋಣವೆಂದರೆ ನಡುವೆ ಹರಿಯುವ ಭೀಮೆ ತುಂಬಿ ಬಂದಳು. ಮೇಲೆ ಮಹಾರಾಷ್ಟ್ರದಲ್ಲಿ ಮಳೆ, ಕೆಳಗೆ ನಮಗೆ ಪ್ರವಾಹ. ಆ ದಾರಿಯ ಬಸ್ಸುಗಳು ನಿಂತವು. ಓಣಿಯ ಕರಿಮಣ್ಣು ಚಪ್ಪಲಿ ಕಿತ್ತುಕೊಳ್ಳುವಷ್ಟು ಅಂಟು. ಆಸ್ಪತ್ರೆಗೆ ಟ್ರ್ಯಾಕ್ಟರಿನಲ್ಲಿ ಕೂತು ಬರುವ ಬಸುರಿಯರು. ಕೂಸು ಹೊರಬಂದು ಅತ್ತ ಕೂಡಲೇ ತಾಯಂದಿರು ಬಳಲಿದ ಮುಖದಲ್ಲಿ ನಗುತ್ತಿದ್ದರು. ನಾನು ಅವರ ಮೈ ಒರೆಸುತ್ತ, ಅಕ್ಕ ಈಗ ಉಂಡಳೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ದೇಶ ಬಿಟ್ಟು ಹೋಗುವ ಹೆದರಿಕೆ ನನಗೆ ಅಲ್ಲಿಯವರೆಗೆ ಇರಲಿಲ್ಲ. ಅಕ್ಕನ ಜೊತೆ ಮಾತು ಮುರಿದುಕೊಂಡು ವಿಮಾನ ಹತ್ತುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಒಂದು ಸಂಜೆ ಇವರು ತಮ್ಮ ಹತಾರದ ಪೆಟ್ಟಿಗೆಯನ್ನು ಡಬ್ಬಿಗಳ ಸಾಲಿನಿಂದ ಹೊರಗಿಟ್ಟು, ಟೇಪು ಹಿಡಿದು ಆ ಜಾಗ ಅಳೆದರು. "ಇದನ್ನ ತಮ್ಮಗ ಕೊಟ್ಟು ಹೋಗ್ತೇನಿ. ಈ ಜಾಗದಾಗ ಹಂಡಿ ಕುಂದರ್ತದ. ನೀ ಹೋಗಿ ಅಕ್ಕನ ಕೇಳಿ ತಗೊಂಡು ಬಾ" ಎಂದರು. ಆ ಪೆಟ್ಟಿಗೆಯ ಮೇಲೆ ಇವರಿಗೆ ಎಷ್ಟು ಜೀವ ಎಂದು ನನಗೊಬ್ಬಳಿಗೇ ಗೊತ್ತು.

ನೀರು ಇಳಿದು ಬಸ್ಸು ಬಿಟ್ಟ ಮರುದಿನವೇ ಹೊರಟೆ. ಸೇತುವೆಯ ಮೇಲೆ ಬಸ್ಸು ನಡೆಯುವ ವೇಗದಲ್ಲಿ ಹೋಯಿತು. ಕೆಳಗೆ ನೀರು ಇನ್ನೂ ಕೆಂಪಗೆ, ದಂಡೆಯ ಜಾಲಿಗಿಡಗಳ ತುದಿಯಲ್ಲಿ ಹುಲ್ಲು, ಹರಿದ ಬಟ್ಟೆ ಸಿಕ್ಕಿಕೊಂಡಿದ್ದವು. ಎತ್ತರದ ಹೊಲಗಳಲ್ಲಿ ತೊಗರಿ ಹಳದಿ ಹೂವು ಬಿಟ್ಟಿತ್ತು. ಅಫಜಲಪುರದ ಅಂಚಿನಲ್ಲಿ ಅಕ್ಕನ ಮನೆ. ಅಂಗಳಕ್ಕೆ ಬಂದವಳಿಗೆ ಮೊದಲು ಕಂಡದ್ದೇ ಹಂಡೆ. ಇವರು ಇಟ್ಟು ಹೋದ ಜಾಗದಲ್ಲೇ ಇತ್ತು. ಅಷ್ಟು ಮಳೆಯಲ್ಲೂ ಅಕ್ಕ ಅದನ್ನು ಒಳಗೆ ತೆಗೆದುಕೊಂಡಿರಲಿಲ್ಲ. ಅದರ ಅಂಚಿನ ಮೇಲೆ ಒಂದು ಕೋಳಿ ರಾಜಗಾಂಭೀರ್ಯದಿಂದ ಕೂತಿತ್ತು.

ಅಕ್ಕ ಹೊಲದಲ್ಲಿದ್ದಳು. ಮನೆಯ ಹಿಂದಿನ ದಾರಿಯಲ್ಲಿ ಒಂದಿಷ್ಟು ದೂರ ನಡೆದರೆ ಅವರದೊಂದು ತುಂಡು ಹೊಲ. ತೊಗರಿ ಸಾಲಿನಲ್ಲಿ ಕೂತು ಕಸ ತೆಗೆಯುತ್ತಿದ್ದಳು. ನನ್ನನ್ನು ನೋಡಿದಳು, ಮತ್ತೆ ತಲೆ ಬಗ್ಗಿಸಿದಳು. ನಾನೂ ಸೀರೆ ಎತ್ತಿ ಕಟ್ಟಿ ಪಕ್ಕದ ಸಾಲಿಗೆ ಕೂತೆ. ಸಾಲಿನ ಕೊನೆ ಮುಟ್ಟುವವರೆಗೂ ಇಬ್ಬರೂ ಕಸ ಕಿತ್ತೆವು.

"ಬಸ್ ಚಾಲೂ ಆದ್ವೇನು?" ಅಕ್ಕ ಕೇಳಿದಳು.

"ನಿನ್ನೆ ಆದ್ವು. ಫೋನ್ ಯಾಕ ಎತ್ತಲಿಲ್ಲಕ್ಕಾ?"

"ಎತ್ತಿ ಏನ್ ಹೇಳ್ಲಿ? ಹಂಡಿ ಮುಟ್ಟಿತು, ಆರಾಮ ಅದ ಅಂತ ಹೇಳ್ಲೇನು?"

"ಅವರಿಗಿ ನಮ್ಮ ರೀತಿ ಗೊತ್ತಿರಲಿಲ್ಲ. ನನ್ನ ಕೇಳ್ಲಾರದ ಮಾಡ್ಯಾರ. ನಾ ಡ್ಯೂಟಿ ಮ್ಯಾಲಿದ್ದೆ."

"ಅದು ಗೊತ್ತಾಗ್ಯಾದ. ಸುಂದರಬಾಯಿ ಅತ್ತಿ ಫೋನ್ ಮಾಡಿದ್ಲು. ಗಂಡಸರಿಗಿ ಭಾಂಡಿ ವಿಚಾರ ಏನ್ ತಿಳೀತದ, ಬಿಡು."

"ಮತ್ತ ಹಂಡಿ ಹೊರಗ್ಯಾಕ ಇಟ್ಟೀದಿ?"

ಅಕ್ಕ ಕೈಯ ಮಣ್ಣು ಉಜ್ಜಿಕೊಂಡಳು.

"ದೂರ ಹೊಂಟವರು ಗಂಟು ಹಗುರ ಮಾಡ್ಕೋತಾರ, ಅದು ತಪ್ಪಲ್ಲ. ಆದ್ರ ಅವತ್ತ ಹೊಲದಿಂದ ಬಂದು ಬಾಗಿಲಾಗ ಅದನ್ನ ನೋಡಿದ್ನಲ್ಲ, ನಾನೂ ಒಂದು ಭಾರ ಆದ್ನೇನೋ ಅನಿಸ್ತು ಭಾಗೂ. ಇನ್ನ ಇಕಿ ತಿರುಗಿ ಬರೂದಿಲ್ಲ ಅನಿಸ್ತು. ಆಮ್ಯಾಲ ಅತ್ತಿ ಹೇಳಿದ್ಲು, ತಿಳೀತು. ತಿಳದ್ರೂ ಒಳಗ ತಗೊಳ್ಳಾಕ ಕೈ ಬರಲಿಲ್ಲ. ಒಳಗ ತಗೊಂಡ್ರ ಖರೇನ ಆಗಿಬಿಡ್ತದ ಅನಿಸ್ತು."

ಕಿತ್ತ ಕಸವನ್ನು ಬದುವಿಗೆ ಎಸೆದು ಅಕ್ಕನೇ ಮುಂದುವರಿಸಿದಳು.

"ನಮ್ಮ ಮನ್ಯಾಗ ನೀರು ಕಾಸಾಕ ಒಂದ ಡಬರಿ ಇತ್ತು, ನೆನಪದ ಏನು? ಮೊದಲ ನಿನಗ ಹಾಕ್ತಿದ್ದೆ. ಉಳದ್ರ ನನಗ. ಒಮ್ಮೊಮ್ಮೆ ಉಳೀತಿರಲಿಲ್ಲ, ತಣ್ಣೀರು ಸುರಕೊಂಡು ಕೂಲಿಗಿ ಓಡ್ತಿದ್ದೆ. ನಿನ್ನ ಲಗ್ನ ಆದಾಗ ಮಂದಿ ಸ್ಟೀಲ್ ಕೊಡು, ಬಂಗಾರ ಕೊಡು ಅಂದ್ರು. ನಾ ಹಂಡಿನ ಕೊಡ್ತೇನಿ ಅಂದೆ. ನನ್ನ ತಂಗಿ ಮನ್ಯಾಗ ಬಿಸಿನೀರು ಕಡಿಮಿ ಬೀಳಬಾರ್ದು."

ನಾನು ಅತ್ತುಬಿಟ್ಟೆ. ಆ ಹಂಡೆಯಲ್ಲಿ ಅಷ್ಟು ವರ್ಷ ನೀರು ಕಾಯಿಸಿದವಳಿಗೆ ಇದು ಗೊತ್ತೇ ಇರಲಿಲ್ಲ. ಮೊದಲು ಮಿಂದವಳಿಗೆ ಆಮೇಲೆ ನೀರು ಉಳಿಯಿತೋ ಇಲ್ಲವೋ ಎಲ್ಲಿ ತಿಳಿಯುತ್ತದೆ? "ಹಡಗಿನಾಗ ಜಾಗ ಮಾಡೇವಕ್ಕಾ. ಹಂಡಿ ಒಯ್ಯಾಕ ಬಂದೀನಿ" ಎಂದೆ.

"ಅಲ್ಲಿ ಒಲಿ ಅದನ?"

"ಇಲ್ಲ."

"ಕಟಗಿ?"

"ಇಲ್ಲ."

"ನಳ ತಿರುವಿದ್ರ ಬಿಸಿನೀರು ಬರ್ತಾವಂತ ನೀನ ಹೇಳಿದ್ದಿ."

"ಬರ್ತಾವ."

"ಮತ್ತ ಇದನ್ನ ಒಯ್ದು ಏನ್ ಮಾಡ್ತೀದಿ ಬೇ?"

"ನೋಡ್ಕೋತ ಕುಂದರ್ತೇನಿ."

"ಹುಚ್ಚಿ" ಎಂದು ಅಕ್ಕ ನಕ್ಕಳು. ಎಷ್ಟು ದಿನದ ಮೇಲೆ ಕೇಳಿದ ನಗು ಅದು.

ಮನೆಗೆ ಬಂದು ಇಬ್ಬರೂ ಒಂದೊಂದು ಕಡೆ ಹಿಡಿದು ಹಂಡೆಯನ್ನು ಹಿತ್ತಿಲಿಗೆ ತಂದೆವು. ಕೋಳಿಗೆ ಬಹಳ ಸಿಟ್ಟು ಬಂತು. ಹುಣಸೆಹಣ್ಣು, ಉಪ್ಪು ಹಾಕಿ ಅಕ್ಕ ಹಂಡೆಯನ್ನು ತಿಕ್ಕಿದಳು, ನಾನು ನೀರು ಸೇದಿ ತುಂಬಿದೆ. ಒಣಗಿಸಿಟ್ಟಿದ್ದ ಹಳೇ ತೊಗರಿ ಕಟ್ಟಿಗೆ ಒಲೆಗೆ ಇಟ್ಟು ಉರಿ ಹಚ್ಚಿದಳು. ಮೂವತ್ತು ದಾಟಿದ, ಒಂದು ಮಗುವಿನ ತಾಯಿಯಾದ ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ತಂಬಿಗೆಯಿಂದ ನೀರು ಹಾಕಿದಳು. ನೀರು ಬಹಳ ಸುಡುತ್ತಿತ್ತು, ನಾನು ಸುಡುತ್ತದೆ ಅನ್ನಲಿಲ್ಲ. ನನ್ನದಾದ ಮೇಲೆ ಅವಳನ್ನು ಕೈ ಹಿಡಿದು ಅದೇ ಕಲ್ಲಿನ ಮೇಲೆ ಕೂರಿಸಿದೆ. ಬೇಡ ಬೇಡ ಎಂದಳು, ಕೇಳಲಿಲ್ಲ. ದಿನಾ ಎಷ್ಟೋ ತಾಯಂದಿರ ಮೈ ಒರೆಸಿದ ಕೈ ನನ್ನದು, ಅಕ್ಕನ ಬೆನ್ನು ತಿಕ್ಕಿದ್ದು ಅದೇ ಮೊದಲು. ಬೆನ್ನಿನ ಎಲುಬು ಒಂದೊಂದೂ ಕೈಗೆ ಸಿಗುತ್ತಿದ್ದವು. ಎಷ್ಟು ಸುರಿದರೂ ಹಂಡೆಯಲ್ಲಿ ನೀರು ಇನ್ನೂ ಇತ್ತು.

ತಲೆ ಒಣಗಿಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತಾಗ ಅಕ್ಕ ತೀರ್ಪು ಕೊಟ್ಟಳು.

"ಹಂಡಿ ಇಲ್ಲೇ ಇರ್ಲಿ. ನನಗ ಕೊಟ್ಟು ಹೋಗಬ್ಯಾಡ ಮತ್ತ, ನಾ ತಗೊಳ್ಳಂಗಿಲ್ಲ. ಅದು ನಿಂದು. ತವರಿನಾಗ ಇಟ್ಟು ಹೋಗು. ಇಟ್ಟವರು ಒಂದಿಲ್ಲೊಂದು ದಿನ ಬಂದು ಕೇಳಬೇಕಾಗ್ತದ."

ಹೀಗೆ ನಮ್ಮ ಮನೆಯ ಸಾಮಾನಿನ ಪ್ರಶ್ನೆ ಬಗೆಹರಿಯಿತು. ಫ್ರಿಜ್ಜು, ಮಂಚ, ಅಲ್ಮಾರಿ ಎಲ್ಲ ಅಲ್ಲೇ ಹಂಚಿಹೋದವು. ಹಡಗು ಹತ್ತಿದ್ದು ಹೆಸರಿದ್ದ ಭಾಂಡೆಗಳು, ಫಾತಿಮಾಬೀ ಹೇಳಿದ ಹೆಂಚು, ಕೊಣಮಿಗೆ. ಖಾಲಿಯಾದ ಹಂಡೆಯ ಜಾಗಕ್ಕೆ ಇವರ ಹತಾರದ ಪೆಟ್ಟಿಗೆ ಮತ್ತೆ ಬಂದು ಕೂತಿತು, ಇವರು ನನ್ನ ಕಣ್ಣು ತಪ್ಪಿಸಿ ಅದನ್ನೊಮ್ಮೆ ಸವರಿದರು. ಏಜೆಂಟ್ ಡಬ್ಬಿಗಳಿಗೆ ಟೇಪು ಸುತ್ತುತ್ತ, ಹೊಸ ಫ್ರಿಜ್ಜು ಬಿಟ್ಟು ಹಳೇ ಡಬರಿ ಕಳಿಸುವವರನ್ನು ಇದೇ ಮೊದಲು ನೋಡಿದ್ದು ಎಂದ. ಜೋಳ, ಬೇಳೆ ಹಡಗಿನಲ್ಲಿ ಹೋಗುವ ಹಾಗಿರಲಿಲ್ಲ. ಅವನ್ನು ಓಣಿಯಲ್ಲಿ ಹಂಚಿ, ಶೇಂಗಾ ಹಿಂಡಿಯನ್ನು ನಾವೇ ತಿಂದು ಮುಗಿಸಿದೆವು.

ನಾವು ಐರ್ಲೆಂಡಿಗೆ ಬಂದು ಎಷ್ಟೋ ವಾರಗಳ ಮೇಲೆ ಡಬ್ಬಿಗಳು ಬಂದವು. ಒಂದು ಕೊಡ ನೆಗ್ಗಿತ್ತು, ಉಳಿದವರೆಲ್ಲ ಕ್ಷೇಮವಾಗಿ ತಲುಪಿದ್ದರು. ಸುಂದರಬಾಯಿ ಅತ್ತೆಯ ಡಬರಿಯಲ್ಲಿ ಈಗ ಸಮತಾ ಪಾಸ್ತಾ ಕುದಿಸುತ್ತಾಳೆ. ಜೊತೆಯ ನರ್ಸುಗಳು ಮನೆಗೆ ಬಂದಾಗ ಈ ಬರಹ ಏನು ಎಂದು ಕೇಳುತ್ತಾರೆ, ನಾನು ಒಬ್ಬೊಬ್ಬರ ಹೆಸರನ್ನೂ ಓದಿ ಹೇಳುತ್ತೇನೆ. ಎಲ್ಲರ ಹೆಸರೂ ಇಲ್ಲಿದೆ, ಅಕ್ಕನ ಹೆಸರೊಂದೇ ಇಲ್ಲ. ಅದಕ್ಕಾಗಿಯೇ ದಿನಕ್ಕೊಮ್ಮೆಯಾದರೂ ಅವಳ ನೆನಪಾಗುತ್ತದೆ. ನಳ ತಿರುವಿದ ಕೂಡಲೇ ಬಿಸಿನೀರು ಬರುತ್ತದೆ, ಯಾರೂ ನನಗಾಗಿ ಕಾಯಿಸಿದ್ದಲ್ಲ ಅದು.

ಎರಡು ವರ್ಷದ ಮೇಲೆ, ಹೋದ ಬೇಸಿಗೆಯಲ್ಲಿ ಮೊದಲ ಸಲ ರಜೆ ಸಿಕ್ಕಿತು. ಹೈದರಾಬಾದಿನಲ್ಲಿ ಇಳಿದು, ಕಲಬುರಗಿಯಲ್ಲಿ ಬಸ್ಸು ಬದಲಿಸಿ, ದಾರಿಯಲ್ಲಿ ಲಾರಿಯೊಂದು ಕೆಟ್ಟು ಅಡ್ಡ ನಿಂತು, ಮುಂಜಾನೆ ಬರುತ್ತೇವೆಂದವರು ಅಫಜಲಪುರ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅಕ್ಕನಿಗೆಂದು ತಂದ ಉಣ್ಣೆಯ ಶಾಲು ಕೈಯಲ್ಲೇ ಹಿಡಿದಿದ್ದೆ. ಅವಳನ್ನು ನೋಡಿದ ಕೂಡಲೇ ಏನು ಹೇಳಬೇಕೆಂದು ವಿಮಾನದಲ್ಲೆಲ್ಲ ಯೋಚಿಸಿದ್ದೆ. ಅಕ್ಕ ಬಾಗಿಲಿನಲ್ಲಿ ನಿಂತಿದ್ದಳು, ಸೆರಗಿಗೆ ಬೂದಿ ಹತ್ತಿತ್ತು, ಹೊಗೆಗೆ ಕಣ್ಣು ಕೆಂಪಾಗಿದ್ದವು. ಶಾಲನ್ನೂ ನೋಡಲಿಲ್ಲ, ಪ್ರಯಾಣ ಹೇಗಾಯಿತೆಂದೂ ಕೇಳಲಿಲ್ಲ. ನನ್ನ ಕೈಚೀಲ ಕಸಿದು ಒಳಗಿಡುತ್ತ ಗದರಿದಳು.

"ಎಷ್ಟೊತ್ತು ಮಾಡ್ತೀದಿ ಬೇ? ಎರಡ ಸಲ ಕಾಸಿಟ್ಟೆ, ಎರಡೂ ಸಲ ನೀರು ಆರಿ ಹೋದ್ವು."